ಮಾಬುವಿನ ಟೇಪಿಗೆ ನಾನು ಕೊಟ್ಟ ತೀರ್ಪು

ನಸೀಮಾ, ನಿಮ್ಮಪ್ಪ ಸುಳ್ಳು ಹೇಳಿರಲಿಲ್ಲ. ಆ ಸಂಗೀತ ಅವನದೇ. ಅದು ಅವನದಲ್ಲ ಎಂದು ನಾಲ್ಕು ಜನರ ಮುಂದೆ ತೀರ್ಪು ಕೊಟ್ಟವನು ನಾನು. ತೀರ್ಪು ತಪ್ಪೆಂದು ಗೊತ್ತಾದ ಮೇಲೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತವನೂ ನಾನೇ.

ಕುರುಗೋಡಿಗೆ ಬಂದು ಇದನ್ನು ನಿನಗೊಬ್ಬಳಿಗೇ ಹೇಳಬಹುದಿತ್ತು. ಆದರೆ ಮಾಬುವನ್ನು ನಾನು ಸುಳ್ಳುಗಾರನೆಂದು ಕರೆದದ್ದು ಜನರ ನಡುವೆ. ಇದೂ ಜನ ಓದುವ ಕಡೆಯೇ ಇರಲಿ.

ನಾನು ಬಳ್ಳಾರಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಮನೆ ಕಂಟೋನ್ಮೆಂಟಿನಲ್ಲಿ. ಬೆಳಗ್ಗೆ ಸಂಧ್ಯಾವಂದನೆ, ಗೋಪೀಚಂದನ, ಆಮೇಲೆ ಫೈಲು, ಸಂಜೆಯಾದರೆ ಟೆಕ್ನೋ ಸಂಗೀತ. ಹಾಡಿಲ್ಲ, ಹಾಡುವವರಿಲ್ಲ, ಯಂತ್ರಗಳಿಂದ ಹುಟ್ಟಿಸಿದ ತಾಳ ಒಂದೇ ಸಮನೆ ಬಡಿಯುತ್ತಿರುತ್ತದೆ. ಕೇಳುತ್ತಾ ಕೂತರೆ ಒಳಗೆ ಏನೋ ಮೆಲ್ಲಗೆ ಬದಲಾಗುತ್ತದೆ— ಏನೆಂದು ನನಗೆ ಇವತ್ತಿಗೂ ಹೇಳಲು ಬಾರದು. ನಮ್ಮಮ್ಮ ಮಾತ್ರ, "ಗುರೂ, ಆ ಹಿಟ್ಟಿನ ಗಿರಣಿ ಬಂದ್ ಮಾಡೋ, ತಲಿ ಸಿಡಿಲಿಕ್ಕತ್ತದ" ಎನ್ನುತ್ತಿದ್ದಳು.

ಟೆಕ್ನೋ ಆಗಷ್ಟೇ ಹುಟ್ಟಿದ ಕಾಲದಲ್ಲಿ ವಿದೇಶದ ಸಣ್ಣಪುಟ್ಟ ಕಂಪನಿಗಳು ಹೆಸರಿಲ್ಲದವರ ತುಣುಕುಗಳನ್ನು ಕೂಡಿಸಿ ಕ್ಯಾಸೆಟ್ ಸಂಕಲನ ಮಾಡುತ್ತಿದ್ದವು. ಒಂದಷ್ಟು ಪ್ರತಿ, ಅಷ್ಟೇ. ಖಾಲಿಯಾದರೆ ಮತ್ತೆ ಮಾಡುತ್ತಿರಲಿಲ್ಲ. ನನ್ನ ಹುಚ್ಚೆಲ್ಲ ಆ ಸಿಗದ ಸಂಕಲನಗಳ ಮೇಲೆ. ಅಂಚೆಯಲ್ಲಿ ಊರೂರಿನವರೊಡನೆ ಬದಲಾಯಿಸಿಕೊಂಡು ಕಪಾಟು ತುಂಬಿಸಿದೆ. ಪ್ರತಿಯ ಪ್ರತಿ, ಅದರ ಪ್ರತಿ ಬರತೊಡಗಿದಾಗ ಯಾವುದು ಅಸಲು ಎಂದು ಕೇಳಿ ಹೇಳುವುದನ್ನೂ ಕಲಿತೆ. ಬಳ್ಳಾರಿಯಲ್ಲಿ ಇದನ್ನು ಬಲ್ಲವರು ಇನ್ಯಾರಿದ್ದರು? ಹಾಳೂರಿಗೆ ಉಳಿದವನೇ ಗೌಡ.

ಭಾನುವಾರ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬೈಠಕ್ ಸೇರುತ್ತಿತ್ತು. ನನ್ನಂಥವೇ ಐದಾರು ಹುಚ್ಚು ತಲೆಗಳು. ಅಲ್ಲಿಗೊಂದು ಕಟ್ಟಳೆ ಇತ್ತು, ಮಾಡಿದವನು ನಾನೇ: ಟೇಪು ತಂದವನು ತೀರ್ಪು ಬರುವ ತನಕ ಬಾಯಿ ತೆರೆಯುವಂತಿಲ್ಲ. ತಂದವನ ಮಾತು ಕೇಳುವವರ ಕಿವಿ ಕೆಡಿಸುತ್ತದೆ ಎಂಬುದು ನನ್ನ ವಾದ. ಕೊನೆಗೆ ನಾನು ಅಸಲು ಅಂದರೆ ಅಸಲು, ನಕಲು ಅಂದರೆ ನಕಲು. ಮರುಮಾತಿಲ್ಲ.

ಆ ಐದಾರು ಜನರಲ್ಲಿ ನನಗೆ ಜೀವದ ಗೆಳೆಯನೆಂದರೆ ಮಾಬು. ಕುರುಗೋಡಿನಲ್ಲಿ ಮದುವೆ, ಸಭೆಗಳಿಗೆ ಮೈಕ್ ಸೆಟ್ ಕೊಡುವ ಅಂಗಡಿ ಇಟ್ಟಿದ್ದ. ಮೊದಲ ಬಸ್ಸಿಗೆ ಬಂದು, ಅಮ್ಮ ಕೊಟ್ಟ ಅವಲಕ್ಕಿ ತಿಂದು, ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಅವನು. ನನ್ನನ್ನು 'ಗುರ್ಯಾ' ಎಂದು ಕರೆಯುವ ಧೈರ್ಯ ಇದ್ದದ್ದೂ ಅವನೊಬ್ಬನಿಗೇ.

ಒಂದು ಬೇಸಿಗೆಯಲ್ಲಿ ಅವನು, ನಾನು ಹುಡುಕಿ ಹುಡುಕಿ ಕೈಬಿಟ್ಟಿದ್ದ ಒಂದು ಸಂಕಲನವನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ.

"ಲೇ ಗುರ್ಯಾ, ಇದರ ಎರಡನೇ ಮಗ್ಗಲಿಂದು ಕಡೀದೈತಲ್ಲ, ಅದು ನಂದಲೇ."

ಹುಡುಗನಾಗಿದ್ದಾಗ ಸಿರುಗುಪ್ಪದಲ್ಲಿ ಮಾವನ ಅಕ್ಕಿ ಗಿರಣಿಯ ಸದ್ದನ್ನು ಟೇಪಿನಲ್ಲಿ ಹಿಡಿದುಕೊಂಡು, ಅದರ ಮೇಲೆ ಒಂದು ಅಗ್ಗದ ಕೀಬೋರ್ಡ್ ನುಡಿಸಿ, ಆ ಕಂಪನಿಗೆ ಅಂಚೆಯಲ್ಲಿ ಕಳಿಸಿದ್ದನಂತೆ. ಅವರು ಸೇರಿಸಿಕೊಂಡರಂತೆ. ಡಬ್ಬಿಯ ಮೇಲೆ ಇದ್ದದ್ದು ಒಂದು ಸುಳ್ಳು ಹೆಸರು; ಆ ದಿನಗಳಲ್ಲಿ ಎಲ್ಲರೂ ಇಟ್ಟುಕೊಳ್ಳುತ್ತಿದ್ದದ್ದು ಅಂಥವೇ. ಕಂಪನಿ ಎಂದೋ ಮುಚ್ಚಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, "ಗಿರಣಿ ಸದ್ದನ್ನ ಸಂಗೀತ ಅಂದ್ರ ಕುರುಗೋಡಾಗ ಯಾರು ನಂಬ್ತಾರಲೇ? ನೀ ನಂಬ್ತಿ ಅಂತ ನಿನಗ ಹೇಳಾಕತ್ತೀನಿ" ಎಂದ.

ನಂಬಲಿಲ್ಲ, ನಸೀಮಾ. ನಂಬಲು ಮನಸ್ಸೇ ಬರಲಿಲ್ಲ. ವರ್ಷಗಟ್ಟಲೆ ಕಂಡವರ ಸಂಗೀತವನ್ನು ತೂಗಿ ನೋಡಿದ ನಾನು ಒಂದು ಸದ್ದನ್ನೂ ಹುಟ್ಟಿಸಿದವನಲ್ಲ. ಅವಲಕ್ಕಿ ತಿಂದು ನಗುತ್ತಿದ್ದ ಮಾಬು ಹುಟ್ಟಿಸಿದ್ದನೇ? ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

"ಪರೀಕ್ಷೆ ಮಾಡೋಣ" ಎಂದೆ. ಆ ವಾರವೇ ಒಂದು ಪುಟ್ಟ ರೆಕಾರ್ಡರ್ ಹಿಡಿದು ಸಿರುಗುಪ್ಪದ ಬಸ್ಸು ಹತ್ತಿದೆ. ಅವನ ಮಾವನ ಗಿರಣಿ ಆಗಿನ್ನೂ ನಡೆಯುತ್ತಿತ್ತು, ಅದೇ ಹಳೆಯ ಯಂತ್ರ. ಹತ್ತಿರದ ಕರೂರು ಕಡೆಯಿಂದ ಭತ್ತ ತಂದವರು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರೂ ಲೆಕ್ಕಿಸದೆ ಸದ್ದು ಹಿಡಿದು ತಂದೆ. ಮನೆಯಲ್ಲಿ ಗಿರಣಿಯನ್ನು ಪುಟ್ಟ ರೆಕಾರ್ಡರಿನಲ್ಲಿ, ಮಾಬುವಿನ ಟೇಪನ್ನು ನನ್ನ ದೊಡ್ಡ ಟೇಪ್ ಡೆಕ್ಕಿನಲ್ಲಿ ಒಟ್ಟಿಗೇ ಹಚ್ಚಿದೆ. ಎರಡೂ ಕೂಡಲಿಲ್ಲ. ಟೇಪಿನ ಗಿರಣಿ ನಿಧಾನ, ಅದರ ದನಿಯೂ ತಗ್ಗು. ಇದು ಬೇರೆ ಯಾವುದೋ ಯಂತ್ರ, ಬೇರೆ ಯಾರದೋ ತುಣುಕು. ನನಗೆ ಬೇಕಾಗಿದ್ದುದೂ ಅದೇ.

ಮುಂದಿನ ಭಾನುವಾರ ಎಲ್ಲರ ಮುಂದೆ ಎರಡನ್ನೂ ಕೇಳಿಸಿದೆ. ಕಟ್ಟಳೆಯಂತೆ ಮಾಬು ಬಾಯಿ ಬಿಡಲಿಲ್ಲ. ಆದರೆ ಟೇಪು ಶುರುವಾದ ಕೂಡಲೇ ಅವನ ಹುಬ್ಬು ಗಂಟಿಕ್ಕಿದ್ದು, ಏನೋ ಹೇಳಲು ಕೈ ಎತ್ತಿದ್ದು ನನಗೆ ಕಂಡಿತ್ತು— ಕಂಡಿತ್ತು. ಕಣ್ಣಲ್ಲೇ ಗದರಿ ಅವನ ಕೈ ಇಳಿಸಿದೆ. ಟೇಪು ಮುಗಿದ ಮೇಲೆ ಹೇಳಿದೆ:

"ಟೇಪು ಅಸಲು. ನಾನೇ ಮಾಡೀನಿ ಅನ್ನೋ ಮನುಷ್ಯಾ ನಕಲು."

ಎಲ್ಲರೂ ನಕ್ಕರು. ಆ ಮಾತನ್ನು ಹಿಂದಿನ ದಿನದಿಂದ ಸಾಣೆ ಹಿಡಿದು ಇಟ್ಟುಕೊಂಡಿದ್ದೆ, ನಗಲಿ ಎಂದೇ.

ಮಾಬು ನಗಲಿಲ್ಲ. "ಇನ್ನೊಂದ್ಸಲ ಹಚ್ಚಲೇ ಗುರ್ಯಾ. ಎಲ್ಲೋ ಏನೋ ತಪ್ಪೈತಿ. ನಾ ಮಾಡಿದ್ದು ಹಿಂಗ ಕಾಲು ಎಳಕೊಂತ ನಡೀತಿರಲಿಲ್ಲ" ಎಂದ.

"ತೀರ್ಪು ಆತು ಮಾಬು" ಎಂದೆ.

ಅವನು ಎದ್ದು ಹೋದ. ಟೇಪನ್ನು ಮೇಜಿನ ಮೇಲೇ ಬಿಟ್ಟ. ನಾನು ಅಷ್ಟಕ್ಕೂ ಸುಮ್ಮನಾಗಲಿಲ್ಲ. ದೇಶವಿದೇಶದ ಸಂಗ್ರಾಹಕರು ಕಂಪ್ಯೂಟರಿನಲ್ಲಿ ಮಾತಾಡಿಕೊಳ್ಳುವ ಜಾಗದಲ್ಲೂ ಬರೆದೆ: ಇಂಡಿಯಾದ ಒಬ್ಬರು ಈ ತುಣುಕು ತಮ್ಮದೆನ್ನುತ್ತಾರೆ, ಪರೀಕ್ಷಿಸಿದ್ದೇನೆ, ನಂಬುವಂಥದ್ದಲ್ಲ.

ಆ ವರ್ಷದ ಚಳಿಗಾಲದಲ್ಲಿ ನನ್ನ ಡೆಕ್ಕು ನಿಂತುಹೋಯಿತು. ಬಿಚ್ಚಿದರೆ, ಒಳಗಿನ ರಬ್ಬರ್ ಬೆಲ್ಟು ಹರಿದಿತ್ತು. ಕೈಗೆ ತಗೊಂಡು ನೋಡಿದೆ. ಬಳ್ಳಾರಿಯ ಬಿಸಿಲಿಗೆ ಎಂದೋ ಹಿಗ್ಗಿ, ಹಳೆಯ ಲಾಡಿಯ ಹಾಗೆ ಜೋತುಬಿದ್ದಿತ್ತು. ಹೊಸ ಬೆಲ್ಟು ಹಾಕಿ ಸಿಕ್ಕಸಿಕ್ಕ ಟೇಪು ಹಚ್ಚಿದೆ. ಎಲ್ಲವೂ ಚುರುಕಾಗಿ ಓಡಿದವು. ಆ ಬೇಸಿಗೆಯಿಡೀ ನನ್ನ ಡೆಕ್ಕು ನಿಧಾನ ತಿರುಗಿತ್ತು. ದಿನಾ ಕೇಳುವವನಿಗೆ ಗೊತ್ತಾಗದಷ್ಟು ಮೆಲ್ಲಗೆ ಅದು ಸೋತಿತ್ತು, ನನ್ನ ಕಿವಿಯೂ ಅದರ ಜೊತೆಗೇ ಸೋತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ನನ್ನ ಯಂತ್ರದ ದೋಷವನ್ನು ಮಾಬುವಿನ ತಲೆಗೆ ಕಟ್ಟಿದ್ದೆ.

ಕೊನೆಗೆ ಮಾಬುವಿನ ಟೇಪು ಹಚ್ಚಿದೆ. ಪಕ್ಕದಲ್ಲಿ ಸಿರುಗುಪ್ಪದ ಗಿರಣಿ. ಮೊದಲು ಎರಡೂ ಹಿಂದುಮುಂದಾಗಿ ಬಡಿದವು. ಟೇಪನ್ನು ಒಂದಿಷ್ಟು ತಡೆದು ಬಿಟ್ಟೆ... ಕೂಡಿಕೊಂಡವು. ಎರಡು ಗಿರಣಿಗಳಲ್ಲ, ಒಂದೇ. ಯಂತ್ರ ತಿರುಗುವಾಗ ನಡುವೆ ಒಮ್ಮೊಮ್ಮೆ ಬರುವ ಆ ಕುಂಟು ಬಡಿತ ಕೂಡ ಎರಡರಲ್ಲೂ ಒಂದೇ. ಕೋಣೆಯಲ್ಲಿ ನಾನೊಬ್ಬನೇ ಇದ್ದೆ, ಆದರೂ ಯಾರೋ ಬಂದು ಹಿಂದೆ ನಿಂತಂತಾಯಿತು. ಎರಡನ್ನೂ ಬಂದ್ ಮಾಡಿದೆ.

ಮುಂದಿನ ಭಾನುವಾರ ಹೇಳೋಣ ಎಂದುಕೊಂಡೆ. ಬೈಠಕ್ಕಿನಲ್ಲಿ ಯಾರೋ ಇನ್ನೊಂದು ಟೇಪು ಇಟ್ಟು, "ನೀವಂದ್ರ ಆತ್ರಿ ಗುರಣ್ಣ" ಎಂದರು. ಹೇಳಲಿಲ್ಲ. ಆಮೇಲಿನ ಭಾನುವಾರವೂ— ಹೇಳಲಿಲ್ಲ. ಒಂದು ತೀರ್ಪು ತಪ್ಪಾದರೆ ಉಳಿದವುಗಳ ಗತಿ ಏನು? ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಉಳಿದವರು ನಂಬಿಕೊಂಡಿರುವ ತನಕ ನನ್ನ ಗೌಡಿಕೆ. ಅದನ್ನು ಉಳಿಸಿಕೊಂಡೆ, ನಿಮ್ಮಪ್ಪನನ್ನು ಬಿಟ್ಟುಕೊಟ್ಟೆ.

ಒಮ್ಮೆ ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ ಎದುರಾದ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಬಹುಶಃ ಅಲ್ಲೇ ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ... ಇಲ್ಲ, ಇದೂ ನೆಪವೇ. ಅವನು ಕೈ ಮುಗಿದು, "ಆರಾಮದೀರೇನ್ರಿ? ಅಮ್ಮಾವ್ರು ಹೆಂಗದಾರ್ರಿ?" ಎಂದ. ಗುರ್ಯಾ ಹೋಗಿದ್ದ, ಲೇ ಹೋಗಿತ್ತು. ಆ 'ರಿ' ನನ್ನನ್ನು ಸುಟ್ಟಷ್ಟು ಯಾವ ಬೈಗುಳವೂ ಸುಡುತ್ತಿರಲಿಲ್ಲ. ಮತ್ತೆ ಏನಾದರೂ ಮಾಡಿದೆಯಾ ಎಂದು ಕೇಳಿದೆ. "ಇಲ್ರಿ, ಕೀಬೋರ್ಡ್ ಕೊಟ್ಟಬಿಟ್ಟೆ" ಎಂದ.

ಆ ಗಿರಣಿ ಈಗಿಲ್ಲ. ಆದರೆ ನನ್ನ ಕಿವಿಯಲ್ಲಿ ನಿಂತಿಲ್ಲ. ಫ್ಯಾನು ತಿರುಗಿದರೆ ಅದು, ಪಕ್ಕದ ಮನೆಯಲ್ಲಿ ಒಗೆಯುವ ಯಂತ್ರ ಓಡಿದರೆ ಅದು. ಜಪಕ್ಕೆ ಕೂತರೆ ಮಂತ್ರ ಅದರ ತಾಳಕ್ಕೇ ಬೀಳುತ್ತದೆ, ಆ ಕುಂಟು ಬಡಿತದ ಹತ್ತಿರ ನಾಲಿಗೆ ತಾನಾಗಿ ತಡೆಯುತ್ತದೆ. ಕಪಾಟಿನ ಯಾವ ಟೇಪು ಹಚ್ಚಿದರೂ ಅಡಿಯಲ್ಲಿ ಅದೇ ನಡೆದಿರುತ್ತದೆ. ಸಂಗ್ರಹ ಮುಟ್ಟುವುದನ್ನೇ ಬಿಟ್ಟೆ.

ಹೋದ ವರ್ಷ ಮಾಬು ತೀರಿಕೊಂಡ. ಮಣ್ಣಿಗೆ ಬರಲು ನನಗೆ ಮುಖವಿರಲಿಲ್ಲ. ಹೋದ ತಿಂಗಳು ನೀನೇ ನಮ್ಮ ಮನೆಗೆ ಬಂದೆ. ಆ ಸಂಕಲನದ ಬಗ್ಗೆ ಈಗ ಹೊಸ ಹುಡುಗರು ಮತ್ತೆ ಬರೆಯುತ್ತಿದ್ದಾರಂತೆ, ಕೊನೆಯ ತುಣುಕು ಯಾರದೆಂದು ಹುಡುಕುತ್ತಿದ್ದಾರಂತೆ. ಅಲ್ಲಿ ನನ್ನ ಹಳೆಯ ಮಾತು ನಿನ್ನ ಕಣ್ಣಿಗೆ ಬಿದ್ದಿತ್ತು.

"ಕಾಕಾ, ಖರೆ ಹೇಳ್ರಿ. ಅದು ನಮ್ಮಪ್ಪಂದು ಹೌದೋ ಅಲ್ಲೋ? ಆ ಟೇಪು ನಿಮ್ಮ ಕಡೆ ಐತೇನ್ರಿ?"

ಟೇಪು ನಿನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ನಾನು, "ಅದೆಲ್ಲಿ ಉಳೀತವ್ವಾ. ಹಳೇ ಮಾತು, ಬಿಡು" ಎಂದೆ. ನೀನು ಚಪ್ಪಲಿ ಮೆಟ್ಟಿಕೊಂಡೆ. ಹೊಸ್ತಿಲಲ್ಲಿ ತಿರುಗಿ, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ ಹೇಳಿದೆ:

"ಹೋಗ್ಲಿ ಬಿಡ್ರಿ ಕಾಕಾ. ಸುಳ್ಳು ಹೇಳಿದ್ರೂ ಅಂವ ನಮ್ಮಪ್ಪನ ಅಲ್ಲೇನ್ರಿ."

ಅಂದಿನಿಂದ ಗಿರಣಿಗಿಂತ ಜೋರಾಗಿ ಆ ಮಾತು ಕೇಳುತ್ತಿದೆ. ನನ್ನ ಹಳೆಯ ಬರಹದ ಕೆಳಗೆ ನಿನ್ನೆ ಸತ್ಯ ಬರೆದಿದ್ದೇನೆ, ಮಾಬುವಿನ ಪೂರ್ತಿ ಹೆಸರು ಹಾಕಿ, ಎರಡೂ ಸದ್ದುಗಳನ್ನು ಜೋಡಿಸಿ. ಟೇಪನ್ನು ಭಾನುವಾರ ಕುರುಗೋಡಿಗೆ ತರುತ್ತೇನೆ. ಬಾಗಿಲು ತೆರೆಯಲು ಮನಸ್ಸಾಗದಿದ್ದರೆ ಕಟ್ಟೆಯ ಮೇಲಿಟ್ಟು ಹೋಗುತ್ತೇನೆ.

ಒಂದೇ ಒಂದು ಮಾತು, ನಸೀಮಾ. ಮಾಡದ ತಪ್ಪಿಗೆ ನೀನು ನಿಮ್ಮಪ್ಪನನ್ನು ಕ್ಷಮಿಸಿದ್ದೀಯ. ಆ ಕ್ಷಮೆಯನ್ನು ವಾಪಸ್ ತಗೋ. ಅವನಿಗೆ ಅದು ಬೇಕಿರಲಿಲ್ಲ. ನನಗೆ ಕೊಡೆಂದು ನಾನು ಕೇಳುವುದಿಲ್ಲ.