ಕೊಸರು ಸೇರಿದ ಸಾವಿರ

ಮಂಕಿಯ ನಮ್ಮ ಮನೆಯಲ್ಲಿ ಸಾವಿರ ಎಂದರೆ ಸಾವಿರದ ಒಂದು. ಅಪ್ಪ ತೆಂಗಿನಕಾಯಿ ವ್ಯಾಪಾರಿ. ಎಣಿಸಿದ ಪ್ರತಿ ಸಾವಿರ ಕಾಯಿಯ ಮೇಲೆ ಒಂದು ಕೊಸರು ಹಾಕದೆ ರಾಶಿ ಮುಗಿಯಿತು ಎನ್ನುತ್ತಿರಲಿಲ್ಲ. ತೋಟಗಳನ್ನು ಗೇಣಿಗೆ ಹಿಡಿದವರು ಅಪ್ಪನೂ ಸೇರಿ ಏಳು ಜನ. ಒಂದು ರಾಶಿಯನ್ನು ಏಳು ಪಾಲು ಮಾಡಿದರೆ ತಲೆಗೆ ನೂರ ನಲವತ್ತಮೂರು, ಒಂದೂ ಉಳಿಯುತ್ತಿರಲಿಲ್ಲ. ಹೊತ್ತು ಹೋಗದಾಗ ಅದೇ ರಾಶಿಯನ್ನು ನಾನು ಹನ್ನೊಂದು ಪಾಲು, ಹದಿಮೂರು ಪಾಲು ಮಾಡಿ ನೋಡಿದ್ದೆ. ಆಗಲೂ ಸರಿಯಾಗಿ ಕೂರುತ್ತಿತ್ತು. ಸಾವಿರದ ಗುಣವೇ ಅದು ಎಂದುಕೊಂಡಿದ್ದೆ.

ಅದು ಯುದ್ಧದ ಕಾಲ. ಊರ ಶಾಲೆ ಮುಗಿದಿತ್ತು. ಹೊನ್ನಾವರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಇಂಗ್ಲಿಷ್ ಶಾಲೆಗೆ ಹೋಗುತ್ತೇನೆ ಎಂದು ಹಟ ಹಿಡಿದು ಊಟ ಬಿಟ್ಟೆ. ಕೊನೆಗೆ ಅಪ್ಪ ಕರೆದುಕೊಂಡು ಹೊರಟ.

"ಮಾಸ್ತರು ಬ್ಯಾಡ ಅಂದ್ರೆ ಆತು, ಮನೆಲಿ ಕೂತು ತೆಂಗಿನ ಮಡಲು ಹೆಣೆಯೂದು. ಮತ್ತೆ ಆ ಸುದ್ದಿ ಎತ್ತೂಕಿಲ್ಲ," ಎಂದು ಶರಾವತಿ ದಾಟುವಾಗ ದೋಣಿಯಲ್ಲಿ ಹೇಳಿದ. ನಾನು ಹೂಂ ಅಂದೆ.

ಹೆಡ್‌ಮಾಸ್ತರರು ಅಪ್ಪನನ್ನು ಜಗಲಿಯಲ್ಲಿ ಕೂರಿಸಿ ನನ್ನನ್ನು ಒಳಗೆ ಕರೆದರು.

"ಸಾವಿರ ಕಾಯಿ, ಏಳು ಜನ. ಸಮ ಪಾಲು ಮಾಡಿದ್ರೆ ಎಷ್ಟು ಉಳಿತದೆ?"

"ಎಂತದೂ ಉಳಿಯೂದಿಲ್ಲ."

"ಆರು ಉಳಿತದೆ, ತಂಗಿ."

ಸುಮ್ಮನಿರಬೇಕಿತ್ತು. ನನ್ನ ಬಾಯಿ ಎಲ್ಲಿ ಸುಮ್ಮನಿರುತ್ತದೆ? "ಇಲ್ಲ ಮಾಸ್ತರೆ, ನಾನೇ ಪಾಲು ಮಾಡಿದ್ದೆ. ಹನ್ನೊಂದು ಜನ ಆದ್ರೂ ಉಳಿಯೂದಿಲ್ಲ, ಹದಿಮೂರು ಜನ ಆದ್ರೂ ಇಲ್ಲ. ಬೇಕಾದ್ರೆ ನಮ್ಮನೆಗೆ ಬಂದು ನೋಡಿ," ಅಂದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಸಾವಿರಕ್ಕೆ ಕೊಸರು ಹಾಕ್ತಾರಾ ನಿಮ್ಮನೆಲಿ?"

"ಹಾಕದೆ ಇರ್ತಾರಾ?" ಎಂದ ಮೇಲೆ, ಶಾಲೆಯ ಸಾವಿರಕ್ಕೆ ಕೊಸರಿಲ್ಲ ಎಂದು ನನಗೆ ಹೊಳೆಯಿತು. ಕೆಟ್ಟೆನಲ್ಲ ಎಂದುಕೊಂಡೆ.

ಅವರು ಬೈಯಲಿಲ್ಲ. ಪಾಟಿಯ ಮೇಲೆ 358358 ಎಂದು ಬರೆದು, ಮೊದಲು ಏಳರಿಂದ, ಬಂದದ್ದನ್ನು ಹನ್ನೊಂದರಿಂದ, ಆಮೇಲೆ ಹದಿಮೂರರಿಂದ ಭಾಗಿಸು ಎಂದರು. ಭಾಗಿಸಿದೆ. ಎಲ್ಲೂ ಶೇಷ ಬರಲಿಲ್ಲ. ಕೊನೆಗೆ ಬಂದದ್ದು 358.

"ಎಂತಕ್ಕೆ ಹೀಗಾತು?"

ಪಾಟಿಯನ್ನೇ ದಿಟ್ಟಿಸುತ್ತ ಕೂತೆ. ಹೊರಗೆ ಅಪ್ಪ ಕೆಮ್ಮುತ್ತಿದ್ದ. ಮುನ್ನೂರ ಐವತ್ತೆಂಟು ಸಾವಿರ, ಮೇಲೆ ಮುನ್ನೂರ ಐವತ್ತೆಂಟು. ತಟ್ಟನೆ ತಿಳಿದು, ಖುಷಿಗೆ ಎದ್ದೇ ನಿಂತೆ.

"ಇದು ನಮ್ಮನೆ ಸಾವಿರವೇ, ಮಾಸ್ತರೆ. ಮುನ್ನೂರ ಐವತ್ತೆಂಟು ರಾಶಿ, ರಾಶಿಗೊಂದು ಕೊಸರು. ಏಳು ಹನ್ನೊಂದ್ಲ ಎಪ್ಪತ್ತೇಳು, ಎಪ್ಪತ್ತೇಳು ಹದಿಮೂರ್ಲ ಸಾವಿರದ ಒಂದು. ಏಳು, ಹನ್ನೊಂದು, ಹದಿಮೂರು ಈ ಮೂರರಿಂದಲೂ ಭಾಗಿಸಿದ್ರೆ ಒಂದೊಂದು ರಾಶಿಗೆ ಒಂದೊಂದೇ ಬರ್ತದೆ."

ಅವರು ನನ್ನನ್ನು ಜಗಲಿಗೆ ಕರೆತಂದರು.

"ನಿಮ್ಮ ಮಗಳು ಕೊಟ್ಟ ಉತ್ತರ ತಪ್ಪು," ಎಂದರು.

ಅಪ್ಪ ನನ್ನ ಕೈ ಹಿಡಿದುಕೊಂಡ. ಅವನ ಕೈ ಬೆವೆತಿತ್ತು. ನಾನು ಸೋಲಲಿ ಎಂದೇ ಅವನು ಕಾದಿದ್ದಾನೆ ಎಂದುಕೊಂಡಿದ್ದೆ.

"ಇನ್ನೊಂದು ಸಲ ಕೇಳಿ ನೋಡಿ, ಮಾಸ್ತರೆ," ಎಂದ ಅಪ್ಪ. "ಮನೆಲಿ ಇವಳಿಗೆ ಲೆಕ್ಕ ತಪ್ಪೂದಿಲ್ಲ."

"ಮತ್ತೆ ಕೇಳೂದು ಎಂತ ಇಲ್ಲ," ಎಂದರು ಮಾಸ್ತರರು. "ಸೋಮವಾರದಿಂದ ಕಳಿಸಿ."