ಒಬ್ಬಳೇ ಅತ್ತೆಗೆ ಎರಡು ಎಡೆ

ನೆನೆದರೆ ಈಗಲೂ ಅಸಹ್ಯವಾಗುತ್ತದೆ. ನಮ್ಮ ಮನೆಗೂ ಓರಗಿತ್ತಿಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹಿರಿಯರಿಗೆ ಎಡೆ ಇಡುವ ಮಾರ್ಲಾಮಿ ಬಂದರೆ ಈಚೆ ನಾನು, ಆಚೆ ಅವಳು, ತೀರಿಹೋದ ಒಬ್ಬಳೇ ಅತ್ತೆಗೆ ಬೇರೆ ಬೇರೆ ಎಡೆ ಇಡುತ್ತಿದ್ದೆವು. ಆ ಪುಣ್ಯಾತ್ಗಿತ್ತಿ ಯಾವ ಮನೆಗೆ ಮೊದಲು ಹೋಗಬೇಕಿತ್ತೋ!

ನಾಲೆ ನೀರಿನ ಸರದಿಗೆ ಜಗಳವಾಡಿದ್ದು ನಮ್ಮಿಬ್ಬರ ಗಂಡಂದಿರು. ಆ ಅಣ್ಣತಮ್ಮಂದಿರು ಆಮೇಲೆ ಒಂದೇ ಟ್ರಾಕ್ಟರಿನಲ್ಲಿ ಕಬ್ಬು ಸಾಗಿಸಿದರು, ಪಾಂಡವಪುರದಲ್ಲಿ ಬೈಟು ಟೀ ಕುಡಿದರು. ಒಬ್ಬರ ಮನೆಯ ಅನ್ನ ಇನ್ನೊಬ್ಬರು ಮುಟ್ಟಲಿಲ್ಲ ಅಷ್ಟೆ. ನಾವು ಹೆಂಗಸರೂ ಅದನ್ನೇ ಹಿಡಿದೆವು. ಹಬ್ಬಕ್ಕೆ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ ಇಟ್ಟು ಒಬ್ಬರಿಗೊಬ್ಬರು 'ಪಡಿ' ಕೊಡುವುದು. ಬೇಯಿಸದ್ದನ್ನು ತೆಗೆದುಕೊಂಡರೆ ಉಂಡ ಹಾಗಲ್ಲವಲ್ಲ! ಥೂ, ಅದೆಂಥ ಬುದ್ಧಿ ನಮ್ಮದು.

ಹೋದ ಮಾರ್ಲಾಮಿಯಲ್ಲಿ, ಕಾಲೇಜಿನಲ್ಲಿ ಇಂಗ್ಲಿಷ್ ಓದುವ ನನ್ನ ಚಿನ್ನದಂಥ ಮೊಮ್ಮಗಳು ಒಲೆಯ ಮುಂದೆ ಕೂತಿದ್ದಳು. ನಾನು ಪಡಿಗೆ ಅಕ್ಕಿ ಅಳೆಯುತ್ತಿದ್ದೆ.

"ಅಜ್ಜಿ, ಕಂಪನಿ ಅಂದ್ರೆ ಏನ್ ಗೊತ್ತಾ?"

"ಗೊತ್ತಿಲ್ದೆ ಏನವ್ವ? ಬೆಳಿಗ್ಗೆ ಬಸ್ಸು ಬಂದು ಹೈಕ್ಳ ತುಂಬ್ಕೊಂಡು ಓಯ್ತದಲ್ಲ, ಅದು."

"ಅದಲ್ಲ ಕಣಜ್ಜಿ. ಮೊದ್ಲು ಅದು ಜನಕ್ಕೆ ಅಂತಿದ್ದ ಮಾತು. ಲ್ಯಾಟಿನ್ ಅಂತ ಒಂದು ಹಳೇ ಭಾಷೆ. ಅದ್ರಲ್ಲಿ 'ಕಂ' ಅಂದ್ರೆ ಜೊತೆಗೆ, 'ಪಾನಿಸ್' ಅಂದ್ರೆ ರೊಟ್ಟಿ. ಒಟ್ಗೆ ಕೂತು ರೊಟ್ಟಿ ತಿನ್ನೋರೇ ಕಂಪನಿ. ನೀನೂ ಚಿಕ್ಕಜ್ಜೀನೂ ಅಲ್ಲ ಬುಡು."

ಕಪಾಳಕ್ಕೆ ಹೊಡೆದ ಹಾಗಾಯಿತು. ಎಲ್ಲಿಯವರೋ ಕಡಲಾಚೆಯ ಜನ, ಜೊತೆ ಅಂದರೆ ಉಣ್ಣುವುದು ಎಂದು ತಿಳಿದಿದ್ದರು. ನನ್ನ ಕೈಯಲ್ಲಿದ್ದ ಮೊರ ಕಂಡು ಹೇಸಿಗೆ ಬಂತು. ಅಕ್ಕಿಯನ್ನು ಡಬ್ಬಕ್ಕೆ ಸುರಿದೆ. ಬಾಡಿನ ಸಾರು, ಬಿಸಿ ಮುದ್ದೆ ಕ್ಯಾರಿಯರಿಗೆ ತುಂಬಿಕೊಂಡು ಹೊರಟೆ. ವಾಪಸ್ಸು ಕಳಿಸಿದರೆ ಆ ಬಾಗಿಲು ಇನ್ನು ಜನ್ಮಕ್ಕೂ ತೆರೆಯುವುದಿಲ್ಲ ಎಂದು ಗೊತ್ತಿತ್ತು.

ಓರಗಿತ್ತಿ ಬಾಗಿಲಲ್ಲೇ ಕೇಳಿದಳು, "ಏನಕ್ಕಾ, ಪಡಿಯಾ?"

"ಪಡಿಗೆ ಬೆಂಕಿ ಆಕ. ಸಾರು ಕಣೆ. ಅತ್ತೆ ಎಡೆಗೆ ಇಕ್ಕು, ಆಮ್ಯಾಕೆ ನನ್ ಜೊತೆ ಉಣ್ಣು."

ಅವಳು ಮುಚ್ಚಳ ತೆಗೆದು ಮೂಸಿದಳು.

"ಇಷ್ಟೊಂದು ಕಾರ ಸುರ್ದಿದ್ದೀಯಲ್ಲಕ್ಕಾ, ಸತ್ಮೇಲೂ ಬುಡಾಕಿಲ್ವಾ ಅತ್ತೇನ?"

ಅಂದವಳೇ ಎಲೆ ಹಾಸಿದಳು. ಎಡೆ ಇಟ್ಟು ಕೈಮುಗಿದ ಮೇಲೆ ಇಬ್ಬರೂ ಎದುರುಬದುರು ಕೂತೆವು. ಮುದ್ದೆ ಮುರಿದು ನನ್ನ ಸಾರಿಗೆ ಅದ್ದಿ ನುಂಗಿದಳು. ಇನ್ನೊಂದು ತುತ್ತು ಮುರಿದಳು. ಸಂತೋಷಕ್ಕೆ ನಾನು ಉಣ್ಣುವುದನ್ನೇ ಮರೆತು ಅವಳನ್ನು ನೋಡುತ್ತ ಕೂತೆ.

"ಉಣ್ಣಕ್ಕಾ, ಬಾಯ್ ಬುಟ್ಕೊಂಡು ನನ್ನೇ ನೋಡ್ತೀಯಲ್ಲ!" ಎಂದು ಬೈದಳು.

ಬೈಸಿಕೊಂಡು ಉಂಡೆ.