ಹುಳಕ್ಕೆ ಬೆಲ್ಲ

ಊಟವಾದ ಮೇಲೆ ನಾನು ಒಂದು ತುಂಡು ಬೆಲ್ಲ ತಿನ್ನುತ್ತೇನೆ. ಇದನ್ನು ಬಾಯಿಚಪಲವೆಂದು ತಿಳಿದವರೇ ಹೆಚ್ಚು. ನಾನು ಪಾಠ ಹೇಳುವ ಬೆಳ್ತಂಗಡಿಯ ಶಾಲೆಯಲ್ಲಿ ಉಳಿದ ಮಾಸ್ತರರು ನನ್ನ ಬುತ್ತಿಯ ಮೂಲೆಯಲ್ಲಿರುವ ಬೆಲ್ಲ ನೋಡಿ ನಗುತ್ತಾರೆ. ನಗಲಿ. ಆ ಬೆಲ್ಲ ನನಗಲ್ಲ. ಯಾರಿಗೆಂದು ಹೇಳಬೇಕಾದರೆ ಬಂಟ್ವಾಳದ ನಮ್ಮ ಮನೆಗೆ, ನನ್ನ ಹತ್ತನೆಯ ವಯಸ್ಸಿಗೆ ಹೋಗಬೇಕು.

ಆ ಕಾಲದಲ್ಲಿ ನಮ್ಮ ಕಡೆಯ ಮಕ್ಕಳಿಗೆ ಇದ್ದದ್ದು ಒಂದೇ ಕಾಯಿಲೆ, ಹೊಟ್ಟೆಯ ಹುಳ. ನಿದ್ದೆಯಲ್ಲಿ ಹಲ್ಲು ಕಡಿದರೆ ಹುಳ. ಮೂಗು ತುರಿಸಿಕೊಂಡರೆ ಹುಳ. ಊಟ ಸೇರದಿದ್ದರೆ ಹುಳ, ಹೆಚ್ಚು ಸೇರಿದರೆ ನಿಶ್ಚಯವಾಗಿ ಹುಳ. ಲೆಕ್ಕದ ಪರೀಕ್ಷೆಯಲ್ಲಿ ಸೊನ್ನೆ ಬಂದರೂ ಹೊಣೆ ಅದರದೇ. ಇಷ್ಟೊಂದು ಅಪವಾದವನ್ನು ಇಷ್ಟು ಮೌನವಾಗಿ ಹೊತ್ತ ಪ್ರಾಣಿ ಇನ್ನೊಂದಿಲ್ಲ.

ನನ್ನ ಲಕ್ಷಣವೇ ಬೇರೆ. ನಾನು ಎಲ್ಲರ ಹಾಗೆ ಮಾತಾಡುತ್ತಿದ್ದೆ. ಹೆಡ್‌ಮಾಸ್ತರರು ಮೂಗಿನಿಂದ ಮಾತಾಡಿದರೆ ನಾನೂ ಮೂಗಿನಿಂದ. ಫರಂಗಿಪೇಟೆ ಬಸ್ಸಿನ ಕಂಡಕ್ಟರ್ ಊರಿನ ಹೆಸರನ್ನು ಅರ್ಧ ನುಂಗಿದರೆ ನಾನೂ ಅರ್ಧ ನುಂಗುತ್ತಿದ್ದೆ. ನನ್ನ ಸ್ವಂತ ದನಿ ಯಾವುದೆಂದು ನನಗೇ ಖಾತ್ರಿ ಇರಲಿಲ್ಲ. ಅದನ್ನು ಕೇಳಬೇಕೆಂದು ಯಾರೂ ಹಟ ಹಿಡಿದದ್ದೂ ಇಲ್ಲ. ಆ ವರ್ಷ ಒಂದು ಭಾನುವಾರ ಸಂಜೆ ಶಾಲೆಯ ವಾರ್ಷಿಕೋತ್ಸವದ ವೇದಿಕೆಯಲ್ಲಿ ಹತ್ತು ನಿಮಿಷ ಎಲ್ಲರ ಹಾಗೆ ಮಾತಾಡಲು ನನಗೆ ಅಪ್ಪಣೆಯಾಗಿತ್ತು. ಬೆತ್ತದ ಭಯವಿಲ್ಲದೆ ಅಣಕಿಸುವ ಭಾಗ್ಯ ಅದೇ ಮೊದಲು.

ಅದಕ್ಕೆ ಮೂರು ದಿನ ಮೊದಲು, ಗುರುವಾರ, ಮೂಡುಬಿದಿರೆಯ ಪಂಡಿತರು ಮನೆಗೆ ಬಂದರು. ಪ್ರತಿ ಮಾತಿಗೂ ಮೊದಲು ಗಂಟಲು ಸರಿಮಾಡಿಕೊಳ್ಳುವ ಮನುಷ್ಯ. ಅಜ್ಜಿ ನನ್ನನ್ನು ಎಳೆದು ತಂದು ಅವರೆದುರು ನಿಲ್ಲಿಸಿದಳು.

“ಹ್ಞೂಂ... ನಾಲಗೆ ತೋರಿಸು ಮಗ.”

“ಹ್ಞೂಂ... ನಾಲಗೆ ತೋರಿಸು ಮಗ,” ಎಂದೆ ನಾನು. ಬೇಕೆಂದು ಅಂದದ್ದಲ್ಲ, ಬಾಯಿ ತೆರೆದಾಗ ಅದೇ ಬಂತು.

ಅಜ್ಜಿ ಹಣೆ ಚಚ್ಚಿಕೊಂಡಳು. “ನೋಡಿ ಪಂಡಿತರೇ, ಇಡೀ ದಿನ ಇದೇ ಅವಸ್ಥೆ. ಹೊಟ್ಟೆ ಸರಿ ಇದ್ದ ಮಕ್ಕಳು ಹೀಗೆ ಅಣಕಿಸ್ತಾರಾ?”

ಪಂಡಿತರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು. “ಹ್ಞೂಂ... ಉಂಟು. ಹುಳದಲ್ಲಿ ಇಪ್ಪತ್ತು ಬಗೆ ಉಂಟಮ್ಮ. ಇವನದ್ದು ಮಾತಾಡುವ ಬಗೆ. ಒಮ್ಮೆ ಹುಳ ಬಿದ್ದರೆ ಇದೆಲ್ಲ ನಿಲ್ತದೆ.”

ನಿಲ್ಲುತ್ತದೆ! ಆಗ ನನಗೆ ಜ್ಞಾನೋದಯವಾಯಿತು. ವಿದ್ಯೆ ನನ್ನದಲ್ಲ. ನಾನು ಬರೀ ಮನೆ. ಮಾತಾಡುತ್ತಿದ್ದವರು ಒಳಗೆ ಬಾಡಿಗೆಗಿದ್ದವರು. ಭಾನುವಾರಕ್ಕೆ ಮೊದಲೇ ಅವರನ್ನು ಒಕ್ಕಲೆಬ್ಬಿಸಲು ಅಜ್ಜಿ ಸಿದ್ಧಳಾಗಿದ್ದಳು.

ನಮ್ಮ ಕಡೆಯ ಹುಳದ ಮದ್ದಿನಲ್ಲಿ ಒಂದು ಮೋಸವಿದೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಮೊದಲು ಬೆಲ್ಲ. ಅದರ ವಾಸನೆಗೆ ಹುಳಗಳೆಲ್ಲ ಮೂಲೆಮೂಲೆಯಿಂದ ಹೊರಟು ಬಂದು ಪಂಕ್ತಿಯಲ್ಲಿ ಕೂರುತ್ತವಂತೆ. ಎಲ್ಲರೂ ಕೂತರೆಂದು ಖಾತ್ರಿಯಾದ ಮೇಲೆ ಅವುಗಳ ತಲೆಯ ಮೇಲೆ ವಾಯುವಿಳಂಗದ ಹುಡಿ ಕಲಸಿದ ಕಿರಾತಕಡ್ಡಿಯ ಕಷಾಯ. ಅದರ ಕಹಿಯನ್ನು ಕುಡಿದವರಿಗೆ ವಿವರಿಸಬೇಕಾಗಿಲ್ಲ, ಕುಡಿಯದವರು ನಂಬುವುದಿಲ್ಲ. ಮರುದಿನ, ಇನ್ನೂ ಏಳದೆ ಕೂತವರನ್ನು ಕಳುಹಿಸಿಕೊಡಲು ಹರಳೆಣ್ಣೆ. ಒಟ್ಟಿನಲ್ಲಿ ಈ ವೈದ್ಯವೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಸಿಹಿ ಎಂದರೆ ಹುಳವೂ ನಮ್ಮ ಹಾಗೆಯೇ, ಹಿಂದೆಮುಂದೆ ನೋಡುವುದಿಲ್ಲ.

ಶುಕ್ರವಾರ ಬೆಳಗ್ಗೆ ಬೆಲ್ಲ ಬಾಯಿಗಿಡುವ ಮೊದಲು ನಾನು ಹೊಟ್ಟೆಯ ಕಡೆ ಬಗ್ಗಿ, “ಬರಬೇಡಿ” ಎಂದು ಮೆಲ್ಲಗೆ ಹೇಳಿದೆ. ಮಾತು ಕೇಳಲಿ ಎಂದು ಹೆಡ್‌ಮಾಸ್ತರರ ದನಿಯಲ್ಲೇ ಹೇಳಿದೆ. ಅಜ್ಜಿ ಲೋಟ ಹಿಡಿದು ಕಾಯುತ್ತಿದ್ದಳು.

ಶನಿವಾರದ ವಿವರ ಬೇಡ. ಮನೆಗೂ ಹಿತ್ತಿಲಿಗೂ ನಡುವೆ ಆ ದಿನ ನನ್ನಿಂದ ಒಂದು ಹೊಸ ಕಾಲುದಾರಿ ಆಯಿತು. ಸಂಜೆ ಬಾವಿಕಟ್ಟೆಯ ಬಳಿ ನಿಂತು ಹೆಡ್‌ಮಾಸ್ತರರನ್ನು ಕರೆದು ನೋಡಿದೆ. ಮೂಗಿನಿಂದ ಗಾಳಿ ಮಾತ್ರ ಬಂತು. ಕಂಡಕ್ಟರನೂ ಇಲ್ಲ, ಪಂಡಿತರೂ ಇಲ್ಲ. ಎಲ್ಲರೂ ಇಳಿದು ಹೋಗಿದ್ದರು. ಅಳು ಬಂತು. ಆ ಅಳು ಯಾರ ಹಾಗೂ ಇರಲಿಲ್ಲ, ನನ್ನದೇ ಆಗಿತ್ತು. ಅದನ್ನು ಕೇಳಿ ಇನ್ನಷ್ಟು ಹೆದರಿದೆ.

ಅಜ್ಜಿ ಗಂಜಿಯ ಬಟ್ಟಲು ತಂದು ಕೈಗಿಟ್ಟಳು. “ಹಾಂ, ಈಗ ಮನುಷ್ಯರ ಹಾಗೆ ಆದೆ ನೋಡು. ಕುಡಿ ಮಗ, ಬಿಸಿ ಉಂಟು.” ಮುಂದಿನ ಎರಡು ಹಲ್ಲು ಇಲ್ಲದ ಅವಳ ಮಾತಿನಲ್ಲಿ ಯಾವಾಗಲೂ ಒಂದು ಸಣ್ಣ ಸೀಟಿ.

“ಕುಡಿ ಮಗ, ಬಿಸಿ ಉಂಟು,” ಎಂದಿತು ನನ್ನ ಬಾಯಿ, ಸೀಟಿಯ ಸಮೇತ.

ಅಜ್ಜಿ ನನ್ನ ಗಲ್ಲ ಹಿಡಿದು ಬಾಯೊಳಗೆ ಇಣುಕಿದಳು. “ಒಂದು ಹುಳ ಬಾಕಿ ಉಂಟು,” ಎಂದಳು.

ಭಾನುವಾರ ಬೆಳಗ್ಗೆ ಮತ್ತೆ ಬೆಲ್ಲ ಬಂತು, ಮೊದಲಿನದಕ್ಕಿಂತ ದೊಡ್ಡ ತುಂಡು. ತಿಂದು, ಕಣ್ಣು ಮುಚ್ಚಿ, ಲೋಟಕ್ಕಾಗಿ ಕಾದೆ. ಬರಲಿಲ್ಲ.

“ಕಷಾಯ?” ಎಂದೆ.

“ಇವತ್ತು ಆ ಹುಳಕ್ಕೆ ಶಾಲೆಯಲ್ಲಿ ಕೆಲಸ ಉಂಟಲ್ಲ ಮಾರಾಯ,” ಎಂದಳು ಅಜ್ಜಿ. ಸಂಜೆ ಮುಂದಿನ ಸಾಲಿನಲ್ಲಿ ಕೂತು, ತನ್ನನ್ನು ಅಣಕಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ.

ಆಮೇಲೆ ಅವಳು ಕಷಾಯದ ಸುದ್ದಿ ಎತ್ತಲಿಲ್ಲ. ನಾನು ನೆನಪಿಸುವಷ್ಟು ಪ್ರಾಮಾಣಿಕನಲ್ಲ. ಈಗ ನನ್ನ ತರಗತಿಯಲ್ಲಿ ಮಕ್ಕಳು ನಗುವುದು ಬಾಕಿ ಉಳಿದ ಆ ಹುಳದ ಮಾತಿಗೆ; ನನ್ನದು ಬಾಯಿ ಮಾತ್ರ. ಒಂಟಿ ಜೀವ, ಪಾಪ, ಎಂದು ದಿನಕ್ಕೊಂದು ತುಂಡು ಬೆಲ್ಲ ಕೊಡುತ್ತೇನೆ. ಬೆಲ್ಲ ತಿಂದ ಮೇಲೆ ಯಾರಾದರೂ ಲೋಟ ಹಿಡಿದು ಹತ್ತಿರ ಬಂದರೆ ಮಾತ್ರ, ಅದರಲ್ಲಿ ಬರೀ ನೀರಿದ್ದರೂ ನಾನು ಕುಡಿಯುವುದಿಲ್ಲ. ನಂಬಿ ಊಟಕ್ಕೆ ಬಂದವರಿಗೆ ಅಷ್ಟಾದರೂ ಮಾಡಬೇಕು.